ಬೆಟ್ಟಗಳನ್ನು ಕೈಬಿಟ್ಟ ಪುಸ್ತಕಗಳು: ಪೋರುಮಾಮಿಳ್ಳ ಕೆರೆ ಶಾಸನದ ಬಗ್ಗೆ

ಪ್ರಾಚೀನ ಭಾರತದ ವಿಜ್ಞಾನ, ತಂತ್ರಜ್ಞಾನ ಅಂತ ಹೆಸರಿಟ್ಟ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ತೆರೆಯುವುದು ನೀರಾವರಿಯ ಅಧ್ಯಾಯ. ಅಲ್ಲಿ ಪೋರುಮಾಮಿಳ್ಳ ಶಾಸನವನ್ನು ಹುಡುಕುತ್ತೇನೆ. ಅದನ್ನು ಹೇಗೆ ಬಳಸಿಕೊಂಡಿದ್ದಾರೆ ಅಂತ ನೋಡಿದರೆ ಉಳಿದ ಪುಸ್ತಕವನ್ನು ಎಷ್ಟು ನಂಬಬಹುದು ಅನ್ನುವುದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪೋರುಮಾಮಿಳ್ಳ ಇರುವುದು ಆಂಧ್ರದ ಕಡಪ ಜಿಲ್ಲೆಯಲ್ಲಿ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ, ಭವದೂರ ಅಂತಲೂ ಅವನಿಗೆ ಹೆಸರು, ಉದಯಗಿರಿಯಿಂದ ಆಳುತ್ತಿದ್ದಾಗ ಇಲ್ಲಿ ಅನಂತರಾಜಸಾಗರ ಎಂಬ ಕೆರೆ ಕಟ್ಟಿಸಿದ. ಶಕ 1291, ಅಂದರೆ ಕ್ರಿ.ಶ. 1369ರ ಸಂಸ್ಕೃತ ಶಾಸನ ಅದನ್ನು ಹೇಳುತ್ತದೆ. ಇದನ್ನು ಎಪಿಗ್ರಾಫಿಯಾ ಇಂಡಿಕಾದ 14ನೆಯ ಸಂಪುಟದಲ್ಲಿ ಸಂಪಾದಿಸಿದವರು ವಿ. ಎಸ್. ಸುಕ್ತಣಕರ್. ಮುಂದೆ ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಮುನ್ನಡೆಸಿದ ಅದೇ ಸುಕ್ತಣಕರ್.

ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳ ಪಟ್ಟಿ ಇದೆ. ಪುಸ್ತಕಗಳಿಗೆ ಅದು ಪ್ರಿಯ. ಧರ್ಮವಂತನಾದ ರಾಜ, ಜಲಶಾಸ್ತ್ರ ಬಲ್ಲ ಬ್ರಾಹ್ಮಣ, ಗಟ್ಟಿ ಜೇಡಿನೆಲ, ಮೂರು ಯೋಜನ ದೂರದಿಂದ ಹರಿದುಬರುವ ಸಿಹಿನೀರಿನ ನದಿ, ಬೆಟ್ಟ, ಬೆಟ್ಟದ ನಡುವೆ ಅತಿ ಉದ್ದವಲ್ಲದ ಗಟ್ಟಿ ಏರಿ, ಹತ್ತಿರದಲ್ಲೇ ನೀಳ ಕಲ್ಲು ಸಿಗುವ ಗಣಿ, ಕೆಲಸ ಬಲ್ಲ ಆಳುಗಳ ತಂಡ, ಹೀಗೆ. ನೋಡಿ, ನಮ್ಮವರಿಗೆ ಆಗಲೇ ಹೈಡ್ರಾಲಜಿ ಗೊತ್ತಿತ್ತು ಅಂತ ಬರೆದು ಅಧ್ಯಾಯ ಮುಗಿಸುತ್ತಾರೆ. ಮುಂದಿನ ಶ್ಲೋಕಗಳಲ್ಲಿ ಬರುವ 6 ದೋಷಗಳ ಸುದ್ದಿಯೇ ಇರುವುದಿಲ್ಲ, ಇದ್ದರೂ ಅರ್ಧ ಸಾಲು.

ನಾನು ಸಿವಿಲ್ ಎಂಜಿನಿಯರ್. ಸಂಸ್ಕೃತವನ್ನು ನಲವತ್ತರ ಹತ್ತಿರ ನಿಘಂಟು ಇಟ್ಟುಕೊಂಡು ಕಲಿತವನು, ಅದರಲ್ಲಿ ನನಗೇನೂ ಪಾಂಡಿತ್ಯವಿಲ್ಲ. ಆದರೆ ಈ ಆರು ದೋಷಗಳನ್ನು ಓದಿದಾಗ ಇದನ್ನು ಬರೆಸಿದವನು ಸೈಟಿನಲ್ಲಿ ಪೆಟ್ಟು ತಿಂದವನು ಅಂತ ತಕ್ಷಣ ಅನ್ನಿಸಿತು. ಏರಿಯಿಂದ ನೀರು ಜಿನುಗುವುದು. ಚೌಳು ನೆಲ. ಕೆರೆಯ ಒಡಲಿನ ನಡುವೆ ಆಮೆಯ ಬೆನ್ನಿನ ಹಾಗೆ ಎದ್ದ ದಿಬ್ಬ. ಇದಕ್ಕೆ ಶಾಸನದ ಮಾತು ಕೂರ್ಮ, ಎಷ್ಟು ಸರಿಯಾದ ಪದ ನೋಡಿ. ನೀರು ಕಡಿಮೆ, ನೆಲ ಬಹಳ. ನೆಲ ಕಡಿಮೆ, ನೀರು ಬಹಳ. ಈ ಕೊನೆಯ ಎರಡು ಜಲಾನಯನಕ್ಕೂ ಕೆರೆಯ ವಿಸ್ತಾರಕ್ಕೂ ಇರಬೇಕಾದ ಪ್ರಮಾಣದ ಮಾತು. ಸಣ್ಣ ನೀರಾವರಿಯವರು ಇವತ್ತಿಗೂ ಮೊದಲು ಹಾಕುವ ಲೆಕ್ಕ ಅದೇ. ಇನ್ನೊಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು. ಕಾವೇರಿ ನೀರು ಕುಡಿಯುವ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಸಾಧನಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಪಟ್ಟಿ ಮಾಡಬಹುದು. ದೋಷಗಳನ್ನು ಬರೆಯಬೇಕಾದರೆ ಕೆಟ್ಟ ಕೆರೆಗಳನ್ನು ಕಂಡಿರಬೇಕು. ಪುಸ್ತಕಗಳು ಇದನ್ನು ಕೈಬಿಟ್ಟು ರಾಜನ ಧರ್ಮಗುಣವನ್ನು ಉಳಿಸಿಕೊಳ್ಳುವುದು ನನಗೆ ಬೇಸರದ ಸಂಗತಿ.

ಇದಕ್ಕಿಂತ ದೊಡ್ಡ ತಕರಾರು ಅಳತೆಯದ್ದು. ಏರಿಯ ಉದ್ದ 5000 ರೇಖಾದಂಡ, ಅಗಲ 8, ಎತ್ತರ 7 ಅಂತ ಶಾಸನ ಕೊಡುತ್ತದೆ. ದಿನಕ್ಕೆ 1000 ಆಳು, ಕಲ್ಲು ಸಾಗಿಸಲು 100 ಗಾಡಿ, ಎರಡು ವರ್ಷದ ಕೆಲಸ. (ಖರ್ಚಾದ ಹಣ, ದವಸಕ್ಕೆ ಮಾತ್ರ ಲೆಕ್ಕವೇ ಇಲ್ಲ ಅಂದುಬಿಡುತ್ತದೆ. ಆಡಿಟ್ ಇರಲಿಲ್ಲ, ಪುಣ್ಯವಂತರು.) ಈ ಅಂಕಿಗಳನ್ನು ತೆಗೆದುಕೊಂಡು, ದಂಡಕ್ಕೆ ನಾಲ್ಕು ಮೊಳ ಅಂದರೆ 6 ಅಡಿ ಹಿಡಿದು, 9 ಕಿಲೋಮೀಟರ್ ಉದ್ದದ ಅಣೆಕಟ್ಟು ಅಂತ ಬರೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಓದಿದ್ದೇನೆ. ಹೆಸರು ಹೇಳುವುದಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದು, ಯಾರೋ ಒಬ್ಬರನ್ನು ಹಿಡಿದು ಬೈದರೆ ನ್ಯಾಯವಲ್ಲ.

ಲೆಕ್ಕ ಹಾಕೋಣ. ಉದ್ದ 30,000 ಅಡಿ, ಅಗಲ 48, ಎತ್ತರ 42. ಬರೀ ಪೆಟ್ಟಿಗೆಯ ಆಕಾರ ಅಂತ ಹಿಡಿದರೂ 6 ಕೋಟಿ ಘನ ಅಡಿ ಮಣ್ಣು. ಮಣ್ಣಿನ ಏರಿ ಪೆಟ್ಟಿಗೆಯ ಹಾಗೆ ನಿಲ್ಲುವುದಿಲ್ಲ ಅನ್ನುವುದು ಬೇರೆ ಮಾತು. ಎರಡೂ ಕಡೆ ಒಂದಕ್ಕೆರಡರ ಇಳಿಜಾರು ಕೊಟ್ಟರೆ ಅದು 16 ಕೋಟಿ ದಾಟುತ್ತದೆ. ಈಗ ಆಳುಗಳು. 1000 ಜನ, ವರ್ಷಕ್ಕೆ 300 ದಿನದಂತೆ ಎರಡು ವರ್ಷ, 6 ಲಕ್ಷ ಆಳು-ದಿನ. ಅಗೆದು, ತಲೆಮೇಲೆ ಹೊತ್ತು ಹಾಕಿ, ದಮ್ಮಸ್ಸು ಮಾಡುವುದೂ ಸೇರಿ ತಲೆಗೆ ದಿನಕ್ಕೆ 50 ಘನ ಅಡಿ ಅಂದರೆ ಒಳ್ಳೇ ಕೆಲಸ. ಒಟ್ಟು 3 ಕೋಟಿ. ಪೆಟ್ಟಿಗೆಯ ಲೆಕ್ಕಕ್ಕೂ ಅರ್ಧ ಮಾತ್ರ.

ಹಾಗಾದರೆ ಶಾಸನ ಸುಳ್ಳು ಹೇಳುತ್ತಿದೆಯೇ? ಇಲ್ಲ. ಆ 5000 ದಂಡ ಬೆಟ್ಟಗಳೂ ಸೇರಿದ ಅಳತೆ ಅಂತ ಶಾಸನವೇ ಹೇಳುತ್ತದೆ. ಏರಿಯ ಬಹುಭಾಗವನ್ನು ದೇವರೇ ಕಟ್ಟಿಟ್ಟಿದ್ದ, ಭಾಸ್ಕರನ ಆಳುಗಳು ಕಟ್ಟಿದ್ದು ಬೆಟ್ಟಗಳ ನಡುವಿನ ಸಂದುಗಳನ್ನು. ಜಾಗ ಆರಿಸಿದವನ ಜಾಣತನ ಇರುವುದೇ ಅಲ್ಲಿ. ಸಾಧನಗಳ ಪಟ್ಟಿಯಲ್ಲಿ ಏರಿ ಅತಿ ಉದ್ದ ಇರಬಾರದು ಅಂದದ್ದು ನೆನಪಿದೆಯಲ್ಲ? ಬೆಟ್ಟಗಳ ಮಾತನ್ನು ನಕಲು ಮಾಡುವಾಗ ಬಿಟ್ಟುಬಿಟ್ಟರೆ ಶಾಸನ ತನ್ನ ನಿಯಮವನ್ನೇ ಮುರಿದು ಹೆಮ್ಮೆಪಟ್ಟ ಹಾಗೆ ಕಾಣುತ್ತದೆ.

ಇನ್ನು ರೇಖಾದಂಡವನ್ನು ಕಣ್ಣುಮುಚ್ಚಿ 6 ಅಡಿ ಅನ್ನುವ ಚಾಳಿ. ಗಾತ್ರ ಅಳತೆಯ ಘನದಂತೆ ಏರುತ್ತದೆ. ದಂಡ 6ರ ಬದಲು 3 ಅಡಿ ಆದರೆ ಮಣ್ಣು ಅರ್ಧ ಆಗುವುದಿಲ್ಲ, ಎಂಟನೇ ಒಂದು ಭಾಗ ಆಗುತ್ತದೆ! ನಮ್ಮ ಶಾಸನಗಳಲ್ಲಿ ಗಳೆ, ಕೋಲುಗಳ ಉದ್ದ ಊರಿಂದೂರಿಗೆ ಬೇರೆ ಅಂತ ಇಲ್ಲಿನ ಓದುಗರಿಗೆ ಗೊತ್ತೇ ಇದೆ. ದೇವಸ್ಥಾನದ ಗೋಡೆಯಲ್ಲೋ ಬಂಡೆಯಲ್ಲೋ ಕೋಲಿನ ಗುರುತು ಕೊರೆದಿಟ್ಟದ್ದು ಅದಕ್ಕೇ ತಾನೆ.

ಗಾಡಿಗಳ ಲೆಕ್ಕವೂ ಒಂದು ವಿಷಯ ಹೇಳುತ್ತದೆ. 100 ಗಾಡಿ, ದಿನಕ್ಕೆ ಎರಡು ಸಲ, ಸಲಕ್ಕೆ ಅರ್ಧ ಟನ್ ಅಂದರೂ ಎರಡು ವರ್ಷಕ್ಕೆ ಬರುವ ಕಲ್ಲು ಹತ್ತಿರಹತ್ತಿರ 8.5 ಲಕ್ಷ ಘನ ಅಡಿ. ಏರಿಗೆ ಅದು ಏನೇನೂ ಸಾಲದು. ಅಂದರೆ ಇದು ಕಲ್ಲಿನ ಅಣೆಕಟ್ಟಲ್ಲ. ಮೈ ಮಣ್ಣಿನದು, ಕಲ್ಲು ಇರುವುದು ಹೊದಿಕೆಗೆ, ತೂಬಿಗೆ. ಇದನ್ನು ತಿಳಿಯಲು ಶಾಸನಕ್ಕಿಂತ ಹೊರಗೆ ಹೋಗಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು.

ಲೆಕ್ಕ ಹಾಕುವುದು ಪರಂಪರೆಗೆ ಅಗೌರವ ಅಂತ ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಅವರಿಗೆ ನಾನು ತೋರಿಸುವುದು 1974ರ ಒಂದು ಲೇಖನ. ವೈಮಾನಿಕ ಶಾಸ್ತ್ರ ಎಂಬ ಗ್ರಂಥವನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತಿತರ ನಾಲ್ವರು ಕೂತು ಪರೀಕ್ಷಿಸಿದರು. ನಕ್ಕು ಬದಿಗೆ ಸರಿಸಲಿಲ್ಲ. ಭಾಷೆ ನೋಡಿದರು, ಚಿತ್ರಗಳ ಅಳತೆ ನೋಡಿದರು, ಹಾರುತ್ತದೆಯೇ ಅಂತ ಕೇಳಿದರು. ಗ್ರಂಥ 1904ಕ್ಕಿಂತ ಹಳೆಯದಲ್ಲ, ವಿಮಾನಗಳು ಹಾರುವಂಥವಲ್ಲ ಅಂತ ತೀರ್ಮಾನ ಕೊಟ್ಟರು. ಅದೇ ಪರೀಕ್ಷೆಯನ್ನು ಪೋರುಮಾಮಿಳ್ಳಕ್ಕೆ ಒಡ್ಡಿ, ಶಾಸನ ಪಾಸಾಗುತ್ತದೆ. ಫೇಲಾಗುವುದು ಅದನ್ನು ಅರ್ಧಂಬರ್ಧ ನಕಲು ಮಾಡಿದ ಪುಸ್ತಕ. ಎರಡನ್ನೂ ಒಂದೇ ಅಧ್ಯಾಯದಲ್ಲಿ, ಒಂದೇ ದನಿಯಲ್ಲಿ ಹೊಗಳುವ ಪುಸ್ತಕಗಳಿವೆ. ನಷ್ಟ ಆಗುವುದು ಕೆರೆಗೆ.

ಧರ್ಮಪಾಲರ 1971ರ ಪುಸ್ತಕ, ಹದಿನೆಂಟನೇ ಶತಮಾನದ ಭಾರತೀಯ ವಿಜ್ಞಾನ ತಂತ್ರಜ್ಞಾನದ ಮೇಲಿನದು, ನನಗೆ ಈ ಕಾರಣಕ್ಕೇ ಇಷ್ಟ. ಅವರ ಮುನ್ನುಡಿಯ ವಾದವನ್ನು ಒಪ್ಪಿ, ಬಿಡಿ. ಆ ಕಾಲದ ಬ್ರಿಟಿಷರ ವರದಿಗಳನ್ನೇ ಎದುರಿಗಿಟ್ಟಿದ್ದಾರೆ, ಕಬ್ಬಿಣದ ಕುಲುಮೆಯ ಅಳತೆಯನ್ನು ನೀವೇ ಓದಿ ತಕರಾರು ತೆಗೆಯಬಹುದು. ಕನ್ನಡದಲ್ಲಿ ಕೆರೆ ಶಾಸನಗಳಿಗೆ ಅಂಥದ್ದೊಂದು ಪುಸ್ತಕ ಬೇಕು. ಪೂರ್ತಿ ಪಾಠ, ಪೂರ್ತಿ ಅನುವಾದ, ಪಕ್ಕದಲ್ಲಿ ಈಗಿನ ಕೆರೆಯ ನಕ್ಷೆ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ, ಹೂಳೆತ್ತುವ ಗಾಡಿಗೆ ಬಿಟ್ಟ ದತ್ತಿ ಅಂತ ಎಷ್ಟೋ ಶಾಸನಗಳಿವೆ. ಅವುಗಳಲ್ಲಿ ದಾನಿಯ ವಂಶಾವಳಿ ಮಾತ್ರ ಇತಿಹಾಸದ ಪುಸ್ತಕಕ್ಕೆ ದಾಟಿದೆ.

ಅನಂತರಾಜಸಾಗರದ ಏರಿ ಇನ್ನೂ ಇದೆ. ಬದ್ವೇಲು ಕಡೆ ಹೋಗುವವರು ಯಾರಾದರೂ ಇದ್ದರೆ ಒಂದು ಉಪಕಾರ ಮಾಡಿ. ಏರಿಯ ಈ ತುದಿಯಿಂದ ಆ ತುದಿವರೆಗೆ ಫೋನಿನ ಜಿಪಿಎಸ್ ಹಾಕಿಕೊಂಡು ನಡೆಯಿರಿ. ಬೆಟ್ಟ ಎಲ್ಲಿ ಶುರು, ಕಟ್ಟಿದ ಏರಿ ಎಲ್ಲಿ ಶುರು ಅಂತ ಬೇರೆಬೇರೆ ಗುರುತು ಮಾಡಿ. ಒಟ್ಟು ಉದ್ದವನ್ನು 5000ದಿಂದ ಭಾಗಿಸಿದರೆ ಬರುವುದೇ ರೇಖಾದಂಡ. ಬೆಟ್ಟಗಳನ್ನು ಮಾತ್ರ ಬಿಡಬೇಡಿ.