ಚಾಲಕ ಸಿಗಲಿಲ್ಲ

ರವಿವಾರ ಪೇಟೆಯಲ್ಲಿ ಚಾಲಕ ಅಂದ್ರೆ ಬೇಳೆ, ಸಕ್ಕರೆ ಚೀಲ ಹೇರಿಕೊಂಡು ಬಂದು ಇಡೀ ಓಣಿ ಬಂದ್ ಮಾಡಿ ನಿಂತವ. (ಅವನನ್ನೂ ಯಾರೂ ಚಾಲಕ ಅನ್ನೂದಿಲ್ಲ, ಡ್ರೈವರ್ ಅಂತಾರ, ಆ ಮಾತು ಬ್ಯಾರೆ.) ಹಿಂಗಾಗಿ ಪರಿಚಯದ ಕಿರಾಣಿ ಹೋಲ್‌ಸೇಲ್ ಅಂಗಡಿಯ ಕಾಕಾ ಫೋನ್ ಮಾಡಿ, "ತಮ್ಮಾ, ಕಂಪ್ಯೂಟರ್‌ದಾಗ ಚಾಲಕ ಸಿಗಲಿಲ್ಲ ಅಂತ ಬರದೈತಿ, ಯಾವ ಗಾಡೀದೋ ಇದು?" ಅಂದಾಗ ನಗು ಬಂತು. ಆದ್ರೆ ನಗುವ ಹೊತ್ತಾಗಿರಲಿಲ್ಲ. ಅವತ್ತು 20ನೇ ತಾರೀಕು, ಜಿಎಸ್‌ಟಿ 3ಬಿ ತುಂಬುವ ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ.

ತಪ್ಪು ಅರ್ಧ ನಂದು. ಪುಕ್ಕಟೆ ಐತಿ, ಕನ್ನಡದಾಗೂ ಬರ್ತೈತಿ ಅಂತ ಹೊಗಳಿ ಲಿನಕ್ಸ್ ಪೆನ್‌ಡ್ರೈವ್ ಕೊಟ್ಟವ ನಾನು. ಹಿಂದಿನ ರಾತ್ರಿ ಅವರ ಮಗ ಹಾಕಿಕೊಂಡಿದ್ದ. ಹೋಗಿ ನೋಡಿದರೆ ಮೆನು ಎಲ್ಲ ಅಚ್ಚಗನ್ನಡ: ಕಡತ, ಜಾಲಬಂಧ, ನಿಸ್ತಂತು. ವೈಫೈ ಮಾತ್ರ ಇಲ್ಲ.

ಮೊದಲು ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದೆ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇರುತ್ತೆ, ನೆಟ್ ಬಂತು. ರಿಟರ್ನ್ ಹೋಯಿತು, ಚಹಾ ಬಂತು.

ಆಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ, ಮುಂದೆ ಅಡ್ಡಗೆರೆ ಕೆ. ಇಂಥಾ ಹೊತ್ತಿನಲ್ಲಿ ನಮ್ಮವರು ಕೊಡುವ ಮೊದಲ ಸಲಹೆ "ಮತ್ತೊಮ್ಮೆ ಇನ್‌ಸ್ಟಾಲ್ ಮಾಡ್ರಿ" ಅನ್ನೋದು. ಜ್ವರ ಬಂತು ಅಂತ ಮನಿ ಬದಲಿಸಿದಂಗ ಅದು. ಈ ಒಂದು ಸಾಲು ರೋಗ ಎಲ್ಲಿದೆ ಅಂತ ಹೇಳುತ್ತೆ. ಕಾರ್ಡ್ ಕಾಣುತ್ತಿತ್ತು. ಅದಕ್ಕೆ ಹೊಂದುವ ಮಾಡ್ಯೂಲ್ ಹೆಸರೂ ಇತ್ತು. ಯಾವ ಡ್ರೈವರ್ ಬಳಕೆಯಲ್ಲಿದೆ ಅನ್ನುವ ಸಾಲು ಮಾತ್ರ ನಾಪತ್ತೆ. ಅಂದರೆ ಚಾಲಕ ಸಿಕ್ಕಿದ್ದ, ಗಾಡಿ ಹತ್ತಿರಲಿಲ್ಲ! ಮಾಡ್‌ಪ್ರೋಬ್ ಕೊಟ್ಟೆ. ಉತ್ತರ ಇಂಗ್ಲಿಷಿನಲ್ಲಿ: ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್.

ಇಲ್ಲಿ ನನ್ನ ತಕರಾರು. ಕರ್ನಲ್ ಸಂದೇಶ ಇಂಗ್ಲಿಷಿನಲ್ಲಿದೆ ಅಂತಲ್ಲ. ಅದು ಹಾಗೇ ಇರಲಿ. ಆ ಸಾಲನ್ನು ಕನ್ನಡಿಸಿದ್ದರೆ ಹುಡುಕಿದವನಿಗೆ ಏನೂ ಸಿಗುತ್ತಿರಲಿಲ್ಲ. ತಕರಾರು ಮೇಲಿನ ಕನ್ನಡದ ಬಗ್ಗೆ. ಡ್ರೈವರ್ ಇದ್ದೂ ಸಹಿ ಒಪ್ಪದೆ ಹೊರಗೆ ನಿಂತಿದ್ದನ್ನು "ಸಿಗಲಿಲ್ಲ" ಅನ್ನೋದು ಅನುವಾದದ ಸಮಸ್ಯೆಯೂ ಅಲ್ಲ, ಸುಳ್ಳು.

2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಎಲ್ಲೆಡೆ ಬಂತು. ಅದು ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡೋದಿಲ್ಲ. ಕಂಪ್ಯೂಟರಿನಲ್ಲೇ ಸಹಿ ಹಾಕಿಕೊಳ್ಳಬಹುದು, ಆದರೆ ಆ ಕೀಲಿಯನ್ನು ಯಜಮಾನ ರೀಬೂಟ್ ಹೊತ್ತಿನಲ್ಲಿ ಖುದ್ದು ಒಪ್ಪಬೇಕು. ಆಗ ನೀಲಿ ಪರದೆ, ಇಂಗ್ಲಿಷ್ ಸಾಲು, ಹತ್ತು ಸೆಕೆಂಡಿನ ಎಣಿಕೆ. ಕನ್ನಡ ಅತ್ಯಂತ ಬೇಕಾದ ಜಾಗದಲ್ಲೇ ಕನ್ನಡ ಇಲ್ಲ. ಹುಡುಗ ಅದನ್ನು ನೋಡಿ ಹೆದರಿ ಸುಮ್ಮನೆ ಕೂತಿದ್ದನಂತೆ. ಎಣಿಕೆ ಮುಗಿಯಿತು, ಕೀಲಿ ಹೊರಗೇ ಉಳಿಯಿತು.

ಮುಚ್ಚಿದ ಫರ್ಮ್‌ವೇರ್ ಅನುಸ್ಥಾಪನೆಯ ಡಿಸ್ಕಿನಲ್ಲಿ ಇರಬೇಕೋ ಬೇಡವೋ ಅಂತ ಡೆಬಿಯನ್ ಮಂದಿ ವರ್ಷಗಟ್ಟಲೆ ಜಗಳಾಡಿ, 2022ರಲ್ಲಿ ಮತ ಹಾಕಿ, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಸೇರಿಸಿದರು. ಆ ಜಗಳಕ್ಕೆ ತೂಕವಿತ್ತು. ಈ ಹತ್ತು ಸೆಕೆಂಡಿನ ಬಗ್ಗೆಯೂ ಅಷ್ಟು ಜಗಳ ಆಗಬೇಕು.

ಮೋಕ್‌ಯುಟಿಲ್‌ನಿಂದ ಕೀಲಿಯನ್ನು ಮತ್ತೆ ಕೊಟ್ಟೆ, ಪಾಸ್‌ವರ್ಡ್ ಕಾಕಾನೇ ಹೇಳಿದರು, ರೀಬೂಟ್. ಈ ಸಲ ನೀಲಿ ಪರದೆಗೆ ಮೂವರೂ ಕಣ್ಣು ನೆಟ್ಟು ಕೂತಿದ್ದೆವು. ವೈಫೈ ಬಂತು.

"ಚಾಲಕ ಬಂದನೇನೋ?"

"ಬಂದಾನ್ರೀ ಕಾಕಾ. ಲೈಸೆನ್ಸ್ ಇರಲಿಲ್ಲ ಅವಂಗ."

ಕಾಕಾ ಉದ್ರಿ ವಹಿಯ ಕಡೇ ಪುಟದಲ್ಲಿ ಪಾಸ್‌ವರ್ಡ್ ಬರೆದಿಟ್ಟುಕೊಂಡರು.