ಬಿದ್ದದ್ದು ಯಾವ ಪ್ರಭುತ್ವ?

ತುರ್ತುಪರಿಸ್ಥಿತಿಯ ಕಥನ ನಮ್ಮಲ್ಲಿ ಯಾವಾಗಲೂ ಒಂದೇ ಕಡೆ ಮುಗಿಯುತ್ತದೆ: 1977ರ ಮಾರ್ಚ್. ಇಂದಿರಾ ಗಾಂಧಿ ರಾಯಬರೇಲಿಯಲ್ಲೇ ಸೋತರು, ತುರ್ತುಪರಿಸ್ಥಿತಿ ತೆರವಾಯಿತು, 'ಎರಡನೇ ಸ್ವಾತಂತ್ರ್ಯ' ಬಂತು. ಈ ಮುಕ್ತಾಯದ ಬಗ್ಗೆಯೇ ನನ್ನ ತಕರಾರು.

ಆ ಕಾಲದ ಪ್ರತಿರೋಧ ಸಾಹಿತ್ಯದ ಒಂದು ಮುಖ್ಯ ಪ್ರಕಾರ ಜೈಲು ಡೈರಿ. ಬೆಂಗಳೂರು ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು 1977ರ ಜನವರಿಯಲ್ಲಿ ತೀರಿಕೊಂಡ ಸ್ನೇಹಲತಾ ರೆಡ್ಡಿಯವರ ಡೈರಿಯನ್ನು ನಾನು ವಿದ್ಯಾರ್ಥಿಗಳಿಗೆ ಓದಲು ಹೇಳುತ್ತೇನೆ. ಅದರ ನೋವು ಸುಳ್ಳಲ್ಲ. ಆದರೆ ಡೈರಿ ಬರೆಯೋಕೆ ತಾರೀಖು ಬೇಕು: ಬಂಧನಕ್ಕೊಂದು, ಬಿಡುಗಡೆಗೊಂದು. ಜೀತಕ್ಕೆ ಎಲ್ಲಿದೆ ತಾರೀಖು? ಅಪ್ಪ ಮಾಡಿದ ಸಾಲಕ್ಕೆ ಮಗ ದುಡೀತಾನೆ. ಅವನ ಬಂಧನ ಹುಟ್ಟೋಕೆ ಮೊದಲೇ ಆಗಿರ್ತದೆ. ಈ ಪ್ರಕಾರದ ಚೌಕಟ್ಟೇ ಅವನನ್ನು ಹೊರಗಿಟ್ಟಿತು.

ಹಾಗಂತ, ತುರ್ತುಪರಿಸ್ಥಿತಿ ದಲಿತರ ಪಾಲಿಗೆ ಒಳ್ಳೇದೇ ಆಯ್ತು ಅನ್ನೋ ವಾದವನ್ನೂ ನಾನು ಒಪ್ಪುವುದಿಲ್ಲ. ಜೀತ ನಿಷೇಧ ಕಾಯಿದೆ ಬಂದದ್ದು 1976ರಲ್ಲಿ, ನಿಜ. ಆದರೆ 1976-77ರ ಒಂದೇ ಸಾಲಿನಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸಲು ಹೊರಟ ಅಧಿಕಾರಿಗಳ ಕೈಗೆ ಸುಲಭವಾಗಿ ಸಿಕ್ಕವರು, ಆಗೋಲ್ಲ ಅನ್ನಲಾರದ ಬಡವರು. ಕಾಯಿದೆಯೂ ದೆಹಲಿಯಿಂದ ಬಂತು, ಕತ್ತರಿಯೂ ಅಲ್ಲಿಂದಲೇ ಬಂತು.

ಜನತಾ ಸರ್ಕಾರ ಬಂದು ಎರಡು ತಿಂಗಳಿಗೆ, 1977ರ ಮೇ 27ರಂದು, ಬಿಹಾರದ ಬೆಲ್ಚಿಯಲ್ಲಿ ಕುರ್ಮಿ ಭೂಮಾಲೀಕರ ಗುಂಪು 11 ಜನರನ್ನು ಕೊಂದು ಬೆಂಕಿಗೆ ಹಾಕಿತು. ಅವರಲ್ಲಿ 8 ಮಂದಿ ದಲಿತರು. ಆಗಸ್ಟ್‌ನಲ್ಲಿ ಇಂದಿರಾ ಆನೆ ಮೇಲೆ ಕೂತು ಆ ಊರಿಗೆ ಹೋದರು. ಬೆಲ್ಚಿಯ ಬಗ್ಗೆ ಬರೆದವರು ಆನೆಯನ್ನು ಮರೆಯೋದಿಲ್ಲ. ಸತ್ತವರ ಹೆಸರು ಸಿಗೋದು ಕಷ್ಟ. ಆ ಕಥನದಲ್ಲಿ ಬೆಲ್ಚಿ ಅಂದರೆ ಇಂದಿರಾ ಮರಳಿ ಬಂದ ದಾರಿ, ಅಷ್ಟೇ. 1978ರ ಜುಲೈನಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು ಮಹಾರಾಷ್ಟ್ರದ ಶಾಸನಸಭೆ ನಿರ್ಣಯಿಸಿದ್ದೇ ತಡ, ಅಲ್ಲಿನ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹೆಸರು ಬಂದದ್ದು 1994ರಲ್ಲಿ.

ಸರ್ವಾಧಿಕಾರ ಕುಸಿದ ನಂತರದ ಕಾಲವನ್ನು 'ಅನಿಶ್ಚಿತ' ಎಂದು ಕರೆಯುವುದು ರೂಢಿ. ದೆಹಲಿಯ ಕುರ್ಚಿ ಅನಿಶ್ಚಿತವಾಗಿತ್ತು, ಸರಿ. 1979ರಲ್ಲಿ ಜನತಾ ಸರ್ಕಾರ ಬಿತ್ತು, 1980ರಲ್ಲಿ ಇಂದಿರಾ ಮರಳಿದರು. ಊರಿನ ಯಜಮಾನಿಕೆಗೆ ಮಾತ್ರ ಅಂಥ ಭಯ ಇರಲಿಲ್ಲ. ಅದು ಯಾರ ಓಟಿನಿಂದಲೂ ಬಂದದ್ದಲ್ಲ.

ದಲಿತ ವಿಮರ್ಶೆ ಇಂಥ ಕಥನಗಳನ್ನು ಓದುವಾಗ ಬಿದ್ದದ್ದು ಯಾವುದು, ಉಳಿದದ್ದು ಯಾವುದು ಎಂದು ಕೇಳಬೇಕು. ಉತ್ತರ ಡೈರಿಗಳಲ್ಲಿ ಸಿಗದಿದ್ದರೆ ಕೋರ್ಟಿನ ಕಾಗದಗಳಲ್ಲಿ, ಕೇರಿಯ ಮುದುಕಿಯರ ಮಾತಿನಲ್ಲಿ ಹುಡುಕಬೇಕು. ಅವನ್ನೂ ಪಠ್ಯವೆಂದು ಒಪ್ಪುವ ತನಕ 1977 ಬೇರೆಯವರ ಬಿಡುಗಡೆಯ ವರ್ಷವಾಗಿಯೇ ಉಳಿಯುತ್ತದೆ.