‘ಲೋಹದ ಹಕ್ಕಿ’ ಎಂಬ ರೂಪಕ ಮತ್ತು ರೆಕ್ಕೆಯ ದಾರ್ಢ್ಯ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯು ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೆ ಬ್ರಿಟಿಷ್ ವಾಯುಪಡೆಯಲ್ಲಿ ‘ಹೈದರಾಬಾದ್’ ಹೆಸರು ಹೊತ್ತ ತುಕಡಿಗಳಿದ್ದವು. 1940ರ ಬ್ರಿಟನ್ ಕಾಳಗದಲ್ಲಿ 152ನೆಯ ತುಕಡಿ ಸ್ಪಿಟ್‌ಫೈರ್ ವಿಮಾನಗಳನ್ನೂ 253ನೆಯದು ಹರಿಕೇನ್ ವಿಮಾನಗಳನ್ನೂ ಹಾರಿಸಿದವು. 152ರ ಲಾಂಛನದಲ್ಲಿ ನಿಜಾಮರ ಶಿರೋಭೂಷಣವೂ ಇದೆ. ಇದನ್ನು ಅರಸರ ನಿಷ್ಠೆಯ ಲೆಕ್ಕಕ್ಕೆ ಬರೆದು ಮುಂದೆ ಸಾಗುವುದು ಸುಲಭ. ಆ ಯಂತ್ರ ಏನನ್ನು ತಾಳಿಕೊಂಡಿತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ಕನ್ನಡದಲ್ಲಿ ಮೊದಲ ಅಡ್ಡಿ ‘ಲೋಹದ ಹಕ್ಕಿ’ ಎಂಬ ಸವಕಲು ರೂಪಕ. ಹಕ್ಕಿಯ ರೆಕ್ಕೆ ಸ್ನಾಯುವಿನಿಂದ ಬಡಿಯುತ್ತದೆ. ವಿಮಾನದ್ದು ಒಂದು ತುದಿ ಒಡಲಿಗೆ ಬಿಗಿದ, ಇನ್ನೊಂದು ತುದಿ ಗಾಳಿಯಲ್ಲಿರುವ ತೊಲೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ಅದರ ಮೇಲಿನ ಹೊರೆ ಇಮ್ಮಡಿ; 75 ಡಿಗ್ರಿಗೆ ಹೆಚ್ಚುಕಡಿಮೆ ನಾಲ್ಮಡಿ. ಸುಮಾರು 2,800 ಕಿಲೋಗ್ರಾಂ ತೂಕದ ಸ್ಪಿಟ್‌ಫೈರ್ ಆರು ಮಡಿ ಹೊರೆಯಲ್ಲಿ ತಿರುಗಿತೆಂದರೆ ರೆಕ್ಕೆಗಳು ಹೊರುವುದು ಹದಿನೇಳು ಟನ್ನಿನಷ್ಟು. ಆಗ ತುದಿಗಳು ಮೇಲಕ್ಕೆ ಬಾಗುತ್ತವೆ. ಮೇಲ್ಮೈ ಅದುಮಿಕೊಂಡು ಸುಕ್ಕಾಗಲು ನೋಡುತ್ತದೆ, ಕೆಳಮೈ ಜಗ್ಗಿ ಹರಿಯಲು ನೋಡುತ್ತದೆ. ಇದರ ಬಹುಪಾಲನ್ನು ಹೊರುವ ಮುಖ್ಯ ತೊಲೆಯ ಅಂಚುಗಳನ್ನು ಒಂದರೊಳಗೊಂದು ಕೂರುವ ಚೌಕ ಕೊಳವೆಗಳಿಂದ ಕಟ್ಟಲಾಗಿತ್ತು. ಬುಡದಲ್ಲಿ ಕೊಳವೆಗಳು ಹೆಚ್ಚು, ತುದಿಯತ್ತ ಕಡಿಮೆ. ರೂಪಕದಲ್ಲಿ ಈ ಜಾಣ್ಮೆಗೆ ಎಡೆಯೇ ಇಲ್ಲ.

ಎರಡನೆಯ ಅಡ್ಡಿ ಪಾರಿಭಾಷಿಕ. ‘ರೆಕ್ಕೆಯ ಶಕ್ತಿ’ ಎನ್ನುತ್ತೇವೆ. ಭೌತಶಾಸ್ತ್ರದ ಪಾಠದಲ್ಲಿ ‘ಶಕ್ತಿ’ ಬೇರೆಯೇ. ಮುರಿಯದಿರುವ ಗುಣ ದಾರ್ಢ್ಯ, ಮಣಿಯದಿರುವ ಗುಣ ಪೆಡಸುತನ. ಜೇವರ್ಗಿಯ ಹೊಲದಲ್ಲಿ ಗಾಳಿಗೆ ಬಾಗಿ ಮತ್ತೆ ಏಳುವ ಜೋಳದ ದಂಟನ್ನು ಕಂಡ ರೈತನಿಗೆ ಈ ಭೇದ ಗೊತ್ತು. ನಮ್ಮ ಗದ್ಯಕ್ಕೆ ಗೊತ್ತಿಲ್ಲ. ಸ್ಪಿಟ್‌ಫೈರಿನ ಕತೆ ನಿಂತಿರುವುದೇ ಈ ಭೇದದ ಮೇಲೆ. ಅತಿವೇಗದಲ್ಲಿ ಪೈಲಟ್ ವಿಮಾನವನ್ನು ಮಗ್ಗುಲಿಗೆ ಹೊರಳಿಸಲು ರೆಕ್ಕೆಯಂಚಿನ ಪಟ್ಟಿಯನ್ನು ಇಳಿಸಿದರೆ, ತೆಳುವಾದ ರೆಕ್ಕೆ ಎದುರು ದಿಕ್ಕಿಗೆ ತಿರುಚಿಕೊಂಡು ಆ ಪಟ್ಟಿಯ ಕೆಲಸವನ್ನೇ ಕೆಡಿಸುತ್ತಿತ್ತು. ರೆಕ್ಕೆ ಮುರಿದಿರಲಿಲ್ಲ, ಮಣಿದಿತ್ತು. ಮುಂದೆ ಮಾರ್ಕ್ 21ಕ್ಕೆ ಹೆಚ್ಚು ಪೆಡಸಾದ ಹೊಸ ರೆಕ್ಕೆಯನ್ನೇ ರೂಪಿಸಬೇಕಾಯಿತು. ಎರಡಕ್ಕೂ ‘ಬಲ’ ಎಂದೇ ಬರೆದರೆ ಈ ಬದಲಾವಣೆಯ ಕಾರಣ ಓದುಗನಿಗೆ ತಿಳಿಯುವುದೇ ಇಲ್ಲ.

1942ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಹಾಕ್ ಯುದ್ಧವಿಮಾನ ಜೋಡಣೆಗೊಂಡಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಅಫಜಲಪುರದಿಂದ ಅಂಥ ಸಂಸ್ಥೆಯ ಬಾಗಿಲಿಗೆ ಬರುವ ವಿದ್ಯಾರ್ಥಿಗೆ ದಾರ್ಢ್ಯ, ಪೆಡಸುತನ, ತಿರುಚು ಎಂಬ ಮೂರು ಮಾತುಗಳು ಪ್ರತ್ಯೇಕವಾಗಿ ಮೊದಲೇ ಕೈಗೆ ಸಿಕ್ಕಿರಬೇಕು.